ತಂತಿಗೆ ಬಿದ್ದ ನೂಲಿನ ಗಂಟು

ಅಪ್ಪನ ಕಿವಿ ಎಷ್ಟು ದೂರದವರೆಗೆ ಕೇಳುತ್ತದೆ ಎಂಬುದನ್ನು ನಾನು ಮೊದಲ ಸಲ ಬರೆದಿಟ್ಟದ್ದು ದೀಪಾವಳಿ ಮುಗಿದ ಮೇಲಿನ ಒಂದು ರವಿವಾರ. ಅಪ್ಪ ಗೋಡೆಯ ಕಡೆ ಮುಖ ಮಾಡಿ ಕುಳಿತಾಗ ಹಿಂದಿನಿಂದ ಹೋಗಿ ಹಿತ್ತಾಳೆಯ ತಾಟಿಗೆ ಚಮಚದಿಂದ ಬಡಿಯುವುದು, ಅವನು ತಿರುಗಿ ನೋಡಿದರೆ ನಾನು ನಿಂತ ಜಾಗವನ್ನು ದಿನಚರಿಯಲ್ಲಿ ಗುರುತು ಮಾಡುವುದು. ಆ ದಿನ ಬರೆದದ್ದು 'ಹೊಸ್ತಿಲು'. ಸಂಕ್ರಾಂತಿಗೆ 'ನಡುಗಂಬ'. ಹೋಳಿ ಹುಣ್ಣಿಮೆಗೆ 'ಚಾಪೆಯ ಅಂಚು'. ಚಾಪೆಯ ಅಂಚಿನಿಂದ ಅಪ್ಪನ ಬೆನ್ನಿಗೆ ಒಂದು ಮೊಳವೂ ಇರಲಿಲ್ಲ.

ನಮ್ಮದು ಗೋಕಾಕದಲ್ಲಿ ಹೊಳೆಯ ಕಡೆ ಇಳಿಯುವ ಓಣಿ. ಅಪ್ಪ ಮೊದಲು ಮನೆಯಲ್ಲೇ ಕೈಮಗ್ಗ ಹಾಕಿಕೊಂಡಿದ್ದ. ಆಮೇಲೆ ಊರಿಗೆ ಕರೆಂಟಿನ ಮಗ್ಗಗಳು ಬಂದಾಗ ಮೂರು ಓಣಿ ಆಚೆಗಿನ ತಗಡಿನ ಶೆಡ್ಡಿಗೆ ನೇಯಲು ಹೋದ. ತಗಡಿನ ಕೆಳಗೆ ಅಷ್ಟೂ ಮಗ್ಗಗಳು ಒಮ್ಮೆಗೇ ಬಡಿದುಕೊಳ್ಳತೊಡಗಿದರೆ ಒಳಗಿದ್ದವರು ಬಾಯಿಂದ ಮಾತಾಡುವುದನ್ನೇ ಬಿಡುತ್ತಿದ್ದರು. ತುಟಿ ಓದುತ್ತಿದ್ದರು, ಕೈಸನ್ನೆ ಮಾಡುತ್ತಿದ್ದರು. ಮನೆಗೆ ಬಂದಮೇಲೂ ಅಪ್ಪ ನಮ್ಮ ಕಣ್ಣು ನೋಡುತ್ತಿರಲಿಲ್ಲ, ತುಟಿ ನೋಡುತ್ತಿದ್ದ. ಹಿಂದಿನಿಂದ ಕರೆದರೆ "ಆಂ?" ಎನ್ನುತ್ತಿದ್ದ. ಆ "ಆಂ?" ನಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಸಲ ಕೇಳಿಸುತ್ತಿತ್ತೆಂದರೆ ಬಾಜೂ ಮನೆಯ ಚಿಗವ್ವನ ಗಿಳಿ ಅದನ್ನು ಕಲಿತುಕೊಂಡಿತ್ತು.

ಅದಕ್ಕೂ ಮುಂಚೆ ಅಪ್ಪ ಹಾಡುತ್ತಿದ್ದ. ಸೋಮವಾರ ಸಂಜೆ ಮಠದಲ್ಲಿ ಭಜನೆ. ಅಪ್ಪನದೇ ಮುಂದಿನ ದನಿ. ಒಂದು ಸೋಮವಾರ ಮೇಳದವರೆಲ್ಲ ಪದ ಮುಗಿಸಿ ತಾಳ ಕೆಳಗಿಟ್ಟರೂ ಅಪ್ಪ ಕಣ್ಣು ಮುಚ್ಚಿಕೊಂಡು ಹಾಡುತ್ತಲೇ ಇದ್ದ. ಯಾರೋ ನಕ್ಕರು. ಅಪ್ಪ ಕಣ್ಣು ತೆರೆದು, ಎಲ್ಲರೂ ತನ್ನನ್ನೇ ನೋಡುತ್ತಿರುವುದನ್ನು ಕಂಡು ತಾನೂ ನಕ್ಕ. ಮುಂದಿನ ಸೋಮವಾರದಿಂದ ಅವನು ಮಠಕ್ಕೆ ಹೋಗಲಿಲ್ಲ. ಅಕ್ಕ ಮತ್ತು ನಾನು ಆ ದಿನ ಹಿಂದಿನ ಸಾಲಿನಲ್ಲಿ ಕುಳಿತಿದ್ದೆವು. ಅವ್ವ ಆಗಲೇ ಇರಲಿಲ್ಲ.

ಅಕ್ಕನ ಗಿಟಾರು ಮನೆಗೆ ಬಂದದ್ದು ಬೇರೆ ದಾರಿಯಿಂದ. ಜಲಪಾತದ ಕಡೆಯ ಬಂಗಲೆಯೊಂದರಲ್ಲಿ ಪರದೇಶದ ಇಂಜಿನಿಯರ ಸಾಹೇಬನೊಬ್ಬ ಇದ್ದ. ಸ್ವಾತಂತ್ರ್ಯ ಬಂದ ಮೇಲೆ ಒಂದೆರಡು ವರ್ಷಕ್ಕೆ ಅವನು ತನ್ನ ದೇಶಕ್ಕೆ ಹೊರಟಾಗ ಆ ಗಿಟಾರನ್ನು ಅಡಿಗೆಯವನಿಗೆ ಬಿಟ್ಟು ಹೋದ. ಅದರ ದನಿಯನ್ನು ದೊಡ್ಡದು ಮಾಡುವ ಪೆಟ್ಟಿಗೆಯನ್ನು ಮಾತ್ರ ತನ್ನ ಜೊತೆಗೇ ಒಯ್ದ. ಅಡಿಗೆಯವನು ನಮ್ಮ ಓಣಿಯಲ್ಲೇ ಬಾಡಿಗೆಗೆ ಇದ್ದ. ಸಾಹೇಬ ಬಾರಿಸುವುದನ್ನು ವರ್ಷಾನುಗಟ್ಟಲೆ ನೋಡಿ ತಾನೂ ಕಲಿತಿದ್ದ. ಅದನ್ನು ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ಎಡಗೈಯಲ್ಲಿ ಉಕ್ಕಿನ ತುಂಡೊಂದನ್ನು ತಂತಿಗಳ ಮೇಲೆ ಜಾರಿಸುತ್ತ ಬಲಗೈಯಿಂದ ಮೀಟಬೇಕು. ಅಕ್ಕ ಅವನಿಂದ ಕಲಿತಳು. ಅವನು ತನ್ನ ಊರಿಗೆ ಹೊರಡುವಾಗ, "ನನಗ ವಯಸ್ಸಾತು ಯವ್ವಾ, ನೀನ ಇಟ್ಕೊ" ಎಂದು ಕೊಟ್ಟುಹೋದ.

ಪೆಟ್ಟಿಗೆ ಇಲ್ಲದ ಆ ಗಿಟಾರಿಗೆ ದನಿ ಇಲ್ಲ. ಒಳಗೆ ಪೊಳ್ಳಿಲ್ಲದ ಗಟ್ಟಿ ಮರ ಅದು. ತಂಬೂರಿಯಂತೆ ತಾನೇ ತಾನಾಗಿ ತುಂಬಿಕೊಳ್ಳುವುದಿಲ್ಲ. ಅಕ್ಕ ಐದು ವರ್ಷ ಅದನ್ನು ಹಾಗೆಯೇ ಬಾರಿಸಿದಳು, ಕಿವಿ ಮರಕ್ಕೆ ತಾಗುವಷ್ಟು ಬಗ್ಗಿ. ಇನ್ನೊಂದು ತುದಿಗೆ ನಾನು ಕಿವಿ ಹಚ್ಚಿದರೆ ಸೊಳ್ಳೆಯ ಹಾಡಿನಷ್ಟು ತೆಳ್ಳಗೆ ಕೇಳಿಸುತ್ತಿತ್ತು. ಅಪ್ಪ ಎದುರಿಗೆ ಕುಳಿತು ಅವಳ ಕೈಯನ್ನು ನೋಡುತ್ತಿದ್ದ. ಅದರ ದನಿ ಹೇಗಿರುತ್ತದೆಂದು ಅವನಿಗೆ ಗೊತ್ತೇ ಇರಲಿಲ್ಲ.

ಮಾಘದಲ್ಲಿ ಅಕ್ಕನ ಮದುವೆ ಗೊತ್ತಾಯಿತು. ಗಂಡು ಹುಕ್ಕೇರಿಯವನು, ಕಿರಾಣಿ ಅಂಗಡಿಯ ಮನೆ, ಒಳ್ಳೆಯ ಜನ. ಅವರ ಓಣಿಗೆ ಇನ್ನೂ ಕರೆಂಟು ಬಂದಿರಲಿಲ್ಲ. ಹೆಣ್ಣು ನೋಡಲು ಬಂದ ಬೀಗತಿ ಗೋಡೆಗೆ ಒರಗಿಸಿಟ್ಟ ಗಿಟಾರನ್ನು ಕಂಡು, "ಇದೇನ್ರಿ ಬೀಗ್ರ, ಇಸ್ತ್ರಿ ಮಾಡು ಮಣಿ ಏನ್ರಿ? ಭಾಳ ಸಣ್ಣದ ಮಾಡಿಸೀರಿ" ಎಂದರು. ಅಪ್ಪ ಅವರ ತುಟಿ ನೋಡಿ, ಏನು ತಿಳಿದುಕೊಂಡನೋ, "ಹೌದ್ರಿ, ಎಲ್ಲಾ ಮನಿ ಕೆಲಸ ಬರ್ತೈತ್ರಿ ಅಕಿಗಿ" ಎಂದ. ಅಕ್ಕ ಸೆರಗು ಬಾಯಿಗೆ ಒತ್ತಿಕೊಂಡು ಅಡಿಗೆಮನೆಗೆ ಓಡಿದಳು.

ಮರುದಿನ ಅವಳು ರಾಟೆಯ ಮುಂದೆ ಕುಳಿತು ಶೆಡ್ಡಿಗೆ ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಇಡುವ ನೂಲಿನ ಸಣ್ಣ ಸುರುಳಿಗೆ ಕಂಡಿಕೆ ಎನ್ನುತ್ತೇವೆ. ಅದು ಅವಳ ದಿನದ ಕೆಲಸ. ಕೈ ನಿಲ್ಲಿಸದೆಯೇ ಹೇಳಿದಳು, "ತಮ್ಮಾ, ನಾ ಹೋಗೂದ್ರಾಗ ಅಪ್ಪಗ ಇದನ್ನ ಒಮ್ಮೆರ ಕೇಳಿಸಬೇಕು. ಐದ ವರ್ಷ ನೋಡ್ಯಾನ, ಕೇಳಿಲ್ಲ."

"ಅಲ್ಲಿ ಹ್ವಾದಮ್ಯಾಲ ನೀ ಬಾರಸಾಂಗಿಲ್ಲೇನು?"

"ಅಲ್ಲಿ ಇಸ್ತ್ರಿ ಮಾಡತೇನಿ."

ದಿನಚರಿಯಲ್ಲಿದ್ದ ಹೊಸ್ತಿಲು, ನಡುಗಂಬಗಳನ್ನು ನಾನು ಅವಳಿಗೆ ತೋರಿಸಿದ್ದೆ. ಹೊತ್ತು ಕಡಿಮೆ ಇದೆ ಎಂದು ಇಬ್ಬರಿಗೂ ಗೊತ್ತಿತ್ತು. ಮದುವೆಗಷ್ಟೇ ಅಲ್ಲ, ಅಪ್ಪನ ಕಿವಿಗೂ.

ನಾನು ಆಗ ಮೂಡಲಗಿಯಲ್ಲಿ ಲೌಡ್‌ಸ್ಪೀಕರ್ ಬಾಡಿಗೆಗೆ ಕೊಡುವ ಅಂಗಡಿಯಲ್ಲಿ ಕೆಲಸಕ್ಕಿದ್ದೆ. ವಾರವೆಲ್ಲ ಅಲ್ಲೇ, ಶನಿವಾರದ ಬಸ್ಸಿಗೆ ಮನೆಗೆ. ಯಾವ ಹಾರ್ನ್ ಯಾವ ಊರಿಗೆ ಹೋಯಿತು, ಯಾವುದು ಕೆಟ್ಟು ಬಂತು, ಏನು ಸರಿಮಾಡಿದೆ ಎಂದು ದಿನಾ ಬರೆಯಬೇಕಿತ್ತು. ಬರೆಯುವ ಚಟ ನನಗೆ ಅಂಟಿದ್ದು ಅಲ್ಲಿಯೇ. ಅಂಗಡಿಯ ಮೂಲೆಯಲ್ಲಿ ಕರೆಂಟಿನ ಮೇಲೆ ನಡೆಯುವ ಹಳೆಯ ಆಂಪ್ಲಿಫೈಯರ್ ಪೆಟ್ಟಿಗೆಯೊಂದು ಧೂಳು ತಿನ್ನುತ್ತಿತ್ತು. ಮಾಲಕರನ್ನು ಕೇಳಿದೆ.

"ಒಯ್ಯಿ. ಆದ್ರ ಅದು ಹಚ್ಚಿದ ಕೂಡ್ಲೆ ಗುಂಯ್ ಅಂತ ಶುರು ಮಾಡತೈತಿ. ನನ್ನ ಹೇಣ್ತಿದೂ ಅದರದೂ ಒಂದ ರಾಗ. ಆರಿಸೂತನಕ ಬಿಡಾಂಗಿಲ್ಲ."

"ಮದವಿ ಸುಗ್ಗಿ ಸುರು ಆಗೂದ್ರಾಗ ತಂದಿಡತೇನ್ರಿ ಮಾಲಕರ."

"ಇಡದಿದ್ರ ನಿನ್ನ ಪಗಾರದಾಗ ಅಲ್ಲ, ನಿನ್ನ ಕಿವ್ಯಾಗ ಮುರಕೋತೇನಿ."

ಪೆಟ್ಟಿಗೆ ಸಿಕ್ಕಿತು. ಗಿಟಾರಿನ ಮೈಯಲ್ಲಿ ಇದ್ದದ್ದಕ್ಕಿಂತ ಇಲ್ಲದ್ದೇ ಹೆಚ್ಚಾಗಿತ್ತು. ತಂತಿ ಬಿಗಿಯುವ ಕಿವಿಗಳು ಪುಡಿಯಾಗಿದ್ದವು. ತಂತಿ ಹಾಯುವ ಕುದುರೆ ಸವೆದಿತ್ತು. ದನಿ ಏರಿಸಿ ಇಳಿಸುವ ಗುಂಡಿ ಕಾಣೆಯಾಗಿತ್ತು. ಉಕ್ಕಿನ ತುಂಡನ್ನು ಅಡಿಗೆಯವನು ಎಲ್ಲಿಯೋ ಕಳೆದಿದ್ದ. ಅಕ್ಕ ಇಷ್ಟು ವರ್ಷ ಔಷಧದ ಸಣ್ಣ ಬಾಟಲಿಯಿಂದಲೇ ಜಾರಿಸುತ್ತಿದ್ದಳು. ನಾನು ಒಂದೊಂದನ್ನೇ ಬರೆದುಕೊಂಡು ಒಂದೊಂದನ್ನೇ ಹೊಡೆದುಹಾಕುತ್ತ ಹೋದೆ. ಶೆಡ್ಡಿನ ಮುರಿದ ಮಗ್ಗದ ಉಕ್ಕಿನ ಸರಳಿನಿಂದ ಅಪ್ಪನೇ ಒಂದು ಬೆರಳಿನಷ್ಟು ಕತ್ತರಿಸಿ, ಉಪ್ಪುಕಾಗದದಿಂದ ಉಜ್ಜಿ, ಮುಖ ಕಾಣುವಂತೆ ಮಾಡಿಕೊಟ್ಟ. ಕುದುರೆಗೆ ಟ್ರಂಕಿನ ಹಿತ್ತಾಳೆ ಬಿಜಾಗರಿ ಕೊಯ್ದು ಅರದಿಂದ ಆರು ಹಲ್ಲು ತೆಗೆದೆ. ಉಕ್ಕಿನ ತಂತಿಗಳನ್ನು ಮಿರಜದಿಂದ ತರಿಸಿದೆ.

ಕಿವಿಗಳಿಗೂ ಗುಂಡಿಗೂ ಗೊಂಬೆ ಮಾಡುವವನ ಹತ್ತಿರ ಹೋದೆ. ನಮ್ಮೂರಿನ ಗೊಂಬೆಯವರು ಮರದಲ್ಲಿ ಮಾಡಿದ ಹಣ್ಣು ನೋಡಿದರೆ ನೊಣ ಬಂದು ಕೂರಬೇಕು, ಹಾಗಿರುತ್ತವೆ. ನಾನು ಬಣ್ಣ ಬೇಕೆಂದು ಹೇಳಿರಲಿಲ್ಲ. ಅವನು ಕಿವಿಗಳನ್ನು ಆರು ಎಳೆ ಬದನೆಕಾಯಿ ಮಾಡಿ, ದನಿಯ ಗುಂಡಿಯನ್ನು ಒಂದು ಪೇರಲಹಣ್ಣು ಮಾಡಿ ಕೊಟ್ಟ. ಒಂದು ಮಗ್ಗುಲು ಹಸಿರು, ಒಂದು ಮಗ್ಗುಲು ಹಳದಿ.

"ಇದೇನ ಮಾಡಿದ್ಯೋ ಮಾರಾಯಾ?" ಎಂದೆ.

"ನೀ ಗುಂಡಿ ಅಂದಿ. ಬರೇ ಗುಂಡಿ ಮಾಡಾಕ ನಮ್ಮ ಮನ್ಯಾಗ ಯಾರಿಗೂ ಬರಾಂಗಿಲ್ಲ."

ಅಕ್ಕ ಅದನ್ನು ನೋಡಿ ಬಹಳ ಹೊತ್ತು ನಕ್ಕಳು. ಹಸಿರು ಮಗ್ಗುಲು ಮೇಲಿದ್ದರೆ ದನಿ ಬಂದ್, ಹಳದಿ ಮೇಲೆ ಬಂದರೆ ಪೂರ್ತಿ ದನಿ ಎಂದು ಗುರುತು ಇಟ್ಟುಕೊಂಡಳು.

ಉಳಿದದ್ದು ಸುರುಳಿ. ಗಿಟಾರಿನ ತಂತಿಗಳ ಕೆಳಗೆ ಅಯಸ್ಕಾಂತವೊಂದು ಇರುತ್ತದೆ. ಅದರ ಸುತ್ತ ಕೂದಲಿಗಿಂತ ತೆಳ್ಳಗಿನ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲಿನ ಉಕ್ಕಿನ ತಂತಿ ನಡುಗಿದರೆ ಆ ಸುರುಳಿಯಲ್ಲಿ ಅತಿ ಸಣ್ಣ ಕರೆಂಟು ಹುಟ್ಟುತ್ತದೆ. ಪೆಟ್ಟಿಗೆ ಅದನ್ನೇ ದೊಡ್ಡದು ಮಾಡಿ ದನಿಯಾಗಿ ಹೊರಗೆ ಹಾಕುತ್ತದೆ. ಸಾಹೇಬನ ಸುರುಳಿ ಒಳಗೇ ಕಿಲುಬು ಹಿಡಿದು ಪುಡಿಯಾಗಿತ್ತು. ಅಯಸ್ಕಾಂತ ಅಂಗಡಿಯ ಸತ್ತ ಹಾರ್ನ್ ಒಂದರಿಂದ ಸಿಕ್ಕಿತು. ತಾಮ್ರದ ತಂತಿ, ಮಿಲಿಟರಿಯವರು ಹರಾಜು ಹಾಕಿದ ವೈರ್‌ಲೆಸ್ ಸಾಮಾನಿನಿಂದ. ಸುತ್ತಲು ಅಕ್ಕನಿಗಿಂತ ಬೇರೆ ಕೈ ಬೇಕಿರಲಿಲ್ಲ.

ಯುಗಾದಿಗೆ ಮುಂಚಿನ ಒಂದು ರವಿವಾರ ಅವಳು ರಾಟೆಯ ತಿರುಗುವ ಕದರಿಗೆ ಕಂಡಿಕೆಯ ಬದಲು, ನಾನು ಅಯಸ್ಕಾಂತದ ಸುತ್ತ ಮಾಡಿದ್ದ ಚೌಕಟ್ಟನ್ನು ಸಿಕ್ಕಿಸಿದಳು. ಎಡಗೈಯ ಎರಡು ಬೆರಳಿನ ನಡುವೆ ತಂತಿ ಹಿಡಿದು ಬಲಗೈಯಿಂದ ಚಕ್ರ ತಿರುಗಿಸಿದಳು. ನಾನು ಎಣಿಸುತ್ತ, ನೂರಕ್ಕೊಂದು ಹುಣಸೆಬೀಜವನ್ನು ಬಟ್ಟಲಿಗೆ ಹಾಕುತ್ತಿದ್ದೆ. ಮೊದಲೇ ಹೇಳಿದ್ದೆ, "ಅಕ್ಕಾ, ಕಡದ್ರ ನಿಂದರಸು. ಇದು ನೂಲಲ್ಲ. ಮ್ಯಾಲ ವಾರ್ನಿಸ್ ಐತಿ. ಅದನ್ನ ಕೆರದು ಬೆಸಗಿ ಹಾಕಬೇಕು. ಇಲ್ಲಂದ್ರ ಕರೆಂಟ ದಾಟಾಂಗಿಲ್ಲ."

"ಗೊತ್ತೈತಿ ಮಾಸ್ತರ."

ಎರಡು ಸಲ ಕಡಿಯಿತು. ಎರಡೂ ಸಲ ಅವಳು ಚಕ್ರ ನಿಲ್ಲಿಸಿ "ಕಡೀತು" ಎಂದಳು. ನಾನು ಬ್ಲೇಡಿನಿಂದ ವಾರ್ನಿಶ್ ಕೆರೆದು, ಕಾಸಿದ ಕಬ್ಬಿಣದಿಂದ ಸಣ್ಣ ಹನಿ ಬೆಸುಗೆ ಹಾಕಿದೆ. ಸುರುಳಿ ಮುಗಿಯಿತು. ಟಾರ್ಚಿನ ಸೆಲ್ಲಿಗೂ ಕಿವಿಗೆ ಹಾಕುವ ಹೆಡ್‌ಫೋನಿಗೂ ಜೋಡಿಸಿ ನೋಡಿದೆ. 'ಟಿಕ್' ಎಂದಿತು. ತಂತಿ ಒಂದೇ ಎಳೆಯಾಗಿ ಕೂಡಿದೆ ಎಂದರ್ಥ. ಆಮೇಲೆ ಸುತ್ತುಗಳು ಅಲುಗಾಡದಿರಲೆಂದು ಅದನ್ನು ಕರಗಿದ ಮೇಣದಲ್ಲಿ ಅದ್ದಿ, ಆರಿಸಿ, ಗಿಟಾರಿಗೆ ಕೂರಿಸಿದೆ. ಅಂಗಡಿಯಲ್ಲಿ ಯಾವಾಗಲೂ ಅದ್ದುವ ಮುಂಚೆಯೇ ಪರೀಕ್ಷೆ ಮಾಡುತ್ತಿದ್ದೆವು. ಆಮೇಲೆ ಮತ್ತೆ ನೋಡುವ ರೂಢಿ ಇರಲಿಲ್ಲ.

ಯುಗಾದಿಯ ಸಂಜೆ ಶೆಡ್ಡಿಗೆ ರಜೆ. ಅಪ್ಪ ಎಣ್ಣೆ ಸ್ನಾನ ಮಾಡಿ, ಒಗೆದ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು ಚಾಪೆಯ ಮೇಲೆ ಕುಳಿತ. ಮಠಕ್ಕೆ ಹೋಗುವಾಗ ಹೀಗೆ ಸಿದ್ಧವಾಗುತ್ತಿದ್ದ. ಚಿಗವ್ವನೂ ಬಂದಿದ್ದಳು. ಪೆಟ್ಟಿಗೆ ಹಚ್ಚಿದೆ. ಮಾಲಕರು ಹೇಳಿದಂತೆ ಗುಂಯ್ ಎಂದಿತು. ಅಕ್ಕ ಪೇರಲಹಣ್ಣಿನ ಹಳದಿ ಮಗ್ಗುಲನ್ನು ಮೇಲೆ ತಂದು, ಅಪ್ಪ ಮಠದಲ್ಲಿ ಹಾಡುತ್ತಿದ್ದ ಪದವೊಂದರ ಮೊದಲ ಸಾಲನ್ನು ಮೀಟಿದಳು.

ಏನೂ ಬರಲಿಲ್ಲ. ಬರೀ ಗುಂಯ್.

ನಾನು ಪೆಟ್ಟಿಗೆಯ ಹಿಂದೆ ಕೈಹಾಕಿದೆ. ವೈರು ಎಳೆದೆ, ಮತ್ತೆ ಸಿಕ್ಕಿಸಿದೆ. "ಅಕ್ಕಾ ನೀ ನಿಂದರಬ್ಯಾಡ. ಬಾರಸಾಕತ್ತಿರು, ಎಲ್ಲಿ ಕೆಟ್ಟೈತಿ ನೋಡತೇನಿ" ಎಂದೆ. ಅವಳು ಬಾರಿಸುತ್ತ ಹೋದಳು. ನಾನು ವಾಲ್ವು ತಟ್ಟಿದೆ, ಪ್ಲಗ್ಗು ಬದಲಿಸಿದೆ. ಇಬ್ಬರ ಕಣ್ಣೂ ಗಿಟಾರು ಮತ್ತು ಪೆಟ್ಟಿಗೆಯ ಮೇಲೆಯೇ. ಅವಳು ಇಡೀ ಪದವನ್ನು ಬಾರಿಸಿ ಮುಗಿಸಿದಳು. ಆಗ ಚಿಗವ್ವ ನನ್ನ ಭುಜ ತಿವಿದಳು.

ಅಪ್ಪ ಕಣ್ಣು ಅರೆಮುಚ್ಚಿ ಅಕ್ಕನ ಕೈಯನ್ನೇ ನೋಡುತ್ತಿದ್ದ. ಆ ಕೈಯ ಚಲನೆಗೆ ಸರಿಯಾಗಿ ತಲೆದೂಗುತ್ತಿದ್ದ. ಅವನ ಕೆನ್ನೆ ಒದ್ದೆಯಾಗಿತ್ತು.

"ಛಲೋ ಆತು, ಯವ್ವಾ" ಎಂದ. "ಭಾಳ ಛಲೋ ಬಾರಿಸಿದಿ."

ಅಕ್ಕ ಗಿಟಾರನ್ನು ಬಿಟ್ಟು ಅವನ ಮುಖದ ಮುಂದೆ ಬಂದು ಕುಳಿತಳು. "ಅಪ್ಪಾ, ದನೀನ ಬರಲಿಲ್ಲೋ. ಯಾರಿಗೂ ಕೇಳಿಲ್ಲ. ಕೆಟ್ಟೈತಿ ಅದು."

ಅಪ್ಪ ಅವಳ ತುಟಿ ಓದಿದ. ತನ್ನ ಕಿವಿಯನ್ನು ಬೆರಳಿನಿಂದ ತಟ್ಟಿಕೊಂಡ. "ಹೌದವ್ವಾ, ಕೆಟ್ಟೈತಿ. ಇಷ್ಟ ವರ್ಷ ಮಗ್ಗದ ನಡುವ ಇತ್ತು. ಕೆಡದ ಏನ ಮಾಡೀತು?"

"ಇದಲ್ಲೋ ಅಪ್ಪಾ, ಗಿಟಾರ!"

"ಮಾವಾರ, ನಿಮ್ಮಾಣಿ ನನಗೂ ಕೇಳಿಲ್ರಿ" ಎಂದಳು ಚಿಗವ್ವ. "ಬರೇ ಗುಂಯ್ ಅಂತ ಅಂತಿತ್ರಿ."

"ನಿನಗೂ ಹೇಳಿಕೊಟ್ಟ ಕರಕೊಂಡ ಬಂದಾರ? ಸುಳ್ಳ ಹೇಳೂಮುಂದ ನೀ ಕಣ್ಣ ಪಿಳಿಪಿಳಿ ಮಾಡತಿ. ನಮ್ಮ ಮನಿ ಬಾಜೂಕ ಬಂದಾಗಿಂದ ನೋಡಾಕತ್ತೇನಿ." ಅಪ್ಪ ನಕ್ಕ. ಮಠದಲ್ಲಿ ಕಣ್ಣು ತೆರೆದಾಗ ನಕ್ಕ ಹಾಗೆಯೇ. ಎದ್ದು ಹೊರಗಿನ ಕಟ್ಟೆಯ ಮೇಲೆ ಹೋಗಿ ಕುಳಿತ.

ಅಂದಿನಿಂದ ನಮ್ಮ ಮನೆಯಲ್ಲಿ "ಆಂ?" ನಿಂತಿತು. ಅಪ್ಪ ಕೇಳಿಸಿಕೊಳ್ಳುವ ಪ್ರಯತ್ನವನ್ನೇ ಬಿಟ್ಟ. ಯಾರಾದರೂ ಬಂದರೆ ನನ್ನನ್ನೋ ಅಕ್ಕನನ್ನೋ ತೋರಿಸಿ ಸುಮ್ಮನೆ ಕೂರುತ್ತಿದ್ದ. ನಾನು ತಾಟು ಹಿಡಿದು ಹಿಂದೆ ನಿಂತದ್ದನ್ನು ಕನ್ನಡಿಯಲ್ಲಿ ಕಂಡು, "ಬಿಡ್ತಮ್ಮಾ, ಅದರಾಗ ಊಟ ಮಾಡು" ಎಂದ. ಹಾಗಾಗಿ ಯುಗಾದಿಯ ಮುಂದೆ ನನ್ನ ದಿನಚರಿಯಲ್ಲಿ ಯಾವ ಜಾಗವೂ ಇಲ್ಲ. ಓಣಿಯಲ್ಲಿ "ಆಂ?" ಎನ್ನುವುದು ಚಿಗವ್ವನ ಗಿಳಿ ಮಾತ್ರ.

ಮುಂದಿನ ರವಿವಾರ ಅಕ್ಕ ಮತ್ತು ನಾನು ಸುರುಳಿ ತೆಗೆದು, ಬಿಸಿನೀರಿನಲ್ಲಿ ಮೇಣ ಕರಗಿಸಿ, ಬಿಚ್ಚತೊಡಗಿದೆವು. ನಾನು ಚೌಕಟ್ಟು ತಿರುಗಿಸುತ್ತಿದ್ದೆ. ತಂತಿ ಅವಳ ಬೆರಳುಗಳ ನಡುವೆ ಹರಿದು ಬರುತ್ತಿತ್ತು. ಅರ್ಧ ದಾಟಿದ ಮೇಲೆ ಅವಳ ಬೆರಳು ನಿಂತವು. ತಂತಿಯನ್ನು ಬೆಳಕಿಗೆ ಎತ್ತಿ ಹಿಡಿದಳು.

"ತಮ್ಮಾ, ಇದು ನನ್ನ ಗಂಟು."

ನೂಲು ಕಡಿದರೆ ನೇಕಾರರ ಮನೆಯವರು ಹಾಕುವ ಗಂಟು ಅದು. ಬಾಲವಿಲ್ಲದ, ಸಾಸಿವೆಯಷ್ಟು ಸಣ್ಣ ಗಂಟು. ಅಕ್ಕನ ಗಂಟು ಮಗ್ಗದ ಹಣಿಗೆಯ ಹಲ್ಲುಗಳ ನಡುವೆ ಎಲ್ಲಿಯೂ ಸಿಕ್ಕುವುದಿಲ್ಲ ಎಂದು ಶೆಡ್ಡಿನಲ್ಲಿ ಹೆಸರಾಗಿತ್ತು. ಬೆಸುಗೆ ಮುಗಿಸಿ ಕಬ್ಬಿಣವನ್ನು ಮತ್ತೆ ಒಲೆಗೆ ಇಡಲು ನಾನು ಎದ್ದು ಹೋದಾಗ ತಂತಿ ಮೂರನೆಯ ಸಲ ಕಡಿದಿರಬೇಕು. ಅವಳ ಬೆರಳು ತಾವಾಗಿಯೇ ಗಂಟು ಹಾಕಿವೆ, ಚಕ್ರ ತಿರುಗಿದೆ. ಅವಳಿಗೂ ಗೊತ್ತಾಗಿರಲಿಲ್ಲ. ಬಿಗಿಯಾಗಿದ್ದಾಗ ತಂತಿಗೆ ತಂತಿ ಎಲ್ಲೋ ಕಚ್ಚಿಕೊಂಡು ನನ್ನ ಪರೀಕ್ಷೆಯಲ್ಲಿ 'ಟಿಕ್' ಎಂದಿದೆ. ಮೇಣ ಒಳಗೆ ಇಳಿದಾಗ ಬಿಟ್ಟುಕೊಂಡಿದೆ.

"ನಾ ಯಾವಾಗ ಹಾಕಿದ್ನೋ! ನನಗ ನೆನಪ ಇಲ್ಲಲ್ಲೋ!" ಅವಳು ಆ ತಂತಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಲೇ ಇದ್ದಳು. ಬೆರಳ ತುದಿ ಕೆಂಪಾಯಿತು. "ಆವತ್ತ ದನಿ ಬಂದಿದ್ರ ಅಪ್ಪಗ ಕೇಳತಿತ್ತಲ್ಲ ತಮ್ಮಾ?"

"ಹೂನಕ್ಕಾ, ಕೇಳತಿತ್ತು" ಎಂದೆ. ಚಾಪೆಯ ಅಂಚು ನನ್ನ ಲೆಕ್ಕದಲ್ಲಿತ್ತು, ಪೆಟ್ಟಿಗೆಯೋ ತಾಟಿಗಿಂತ ಎಷ್ಟೋ ಪಾಲು ಜೋರು. ಇನ್ನೂ ಹೊತ್ತಿದೆ ಎಂದುಕೊಂಡು ಹಾಗೆ ಹೇಳಿದ್ದೆ.

ಅವಳು ಗಂಟಿದ್ದ ತುಂಡನ್ನು ಕತ್ತರಿಸಿ ಅಂಗೈಯಲ್ಲಿಟ್ಟುಕೊಂಡು ಕಟ್ಟೆಗೆ ಓಡಿ ಅಪ್ಪನಿಗೆ ತೋರಿಸಿದಳು. ಇದರಿಂದಲೇ ದನಿ ಬರಲಿಲ್ಲ, ನಿನ್ನ ಕಿವಿಯಿಂದಲ್ಲ ಎಂದು ತುಟಿ ಬಿಡಿಸಿ ಬಿಡಿಸಿ ಹೇಳಿದಳು. ಅಪ್ಪ ಆ ತುಂಡನ್ನು ತೆಗೆದುಕೊಂಡು ಕಣ್ಣಿನ ಹತ್ತಿರ ಹಿಡಿದ. ಉಗುರಿನಿಂದ ಗಂಟನ್ನು ಸವರಿ ನೋಡಿದ.

"ಛಲೋ ಗಂಟ" ಎಂದ. "ಹಣಿಗ್ಯಾಗ ಸಿಗಾಂಗಿಲ್ಲ." ಅದನ್ನು ಅವಳ ಕೈಗೆ ವಾಪಸು ಕೊಟ್ಟ.

ಮತ್ತೆ ಸುತ್ತಲು ಕುಳಿತೆವು. ಮದುವೆಗೆ ದಿನ ಸಮೀಪಿಸಿತ್ತು, ಮನೆ ತುಂಬ ಜನ, ನನಗೆ ರವಿವಾರ ಮಾತ್ರ ಬಿಡುವು. ಈ ಸಲ ನಾನು ಎದ್ದು ಎಲ್ಲಿಗೂ ಹೋಗಲಿಲ್ಲ. ಅವಳು ಪ್ರತಿ ಬೀಜಕ್ಕೊಮ್ಮೆ ಚಕ್ರ ನಿಲ್ಲಿಸಿ ತಂತಿಯನ್ನು ಮುಟ್ಟಿ ನೋಡುತ್ತಿದ್ದಳು. ಅದರಿಂದ ಕೆಲಸ ನಿಧಾನವಾಯಿತು. ಮುಂದಿನ ರವಿವಾರ ನಾನು ಬರುವಷ್ಟರಲ್ಲಿ ಅವಳಿಗೆ ಅರಿಷಿಣ ಹಚ್ಚಿದ್ದರು. ಮೊಣಕೈವರೆಗೆ ಹಳದಿ ಕೈಗಳನ್ನು ಅವಳು ರಾಟೆಗೆ ಚಾಚಿದಳೋ ಇಲ್ಲವೋ, ಚಿಗವ್ವ ಅದನ್ನೆತ್ತಿ ಸೊಂಟಕ್ಕಿಟ್ಟುಕೊಂಡಳು.

"ಮೈಗಿ ಅರಿಷಿಣ ಹತ್ತಿದ ಹುಡುಗಿ ರಾಟಿ ಮುಟ್ಟತಾಳೇನ? ಇನ್ನ ನೀ ಮದಿಮಗಳು. ಕೈಗಿ ಕೆಲಸ ಇಲ್ಲ."

"ಚಿಗವ್ವಾ, ಬರೇ ಅರ್ಧಾ ಐತಿ—"

"ಅರ್ಧಾ ಅಲ್ಲ, ಒಂದ ಸುತ್ತ ಇದ್ರೂ ಇಲ್ಲ. ಬೀಗತಿ ಕಡ್ಯಾವ್ರು ಯಾರರ ನೋಡಿದ್ರ ಏನಂತಾರ?"

ಚಿಗವ್ವ ರಾಟೆಯನ್ನು ತನ್ನ ಮನೆಗೆ ಒಯ್ದಳು. ಪೆಟ್ಟಿಗೆಯನ್ನು ನಾನು ಮೂಡಲಗಿಗೆ ಒಯ್ದೆ. ಅರ್ಧ ಸುತ್ತಿದ ಸುರುಳಿ ಜಗಲಿಯ ಗೂಡಿನಲ್ಲಿ ಉಳಿಯಿತು. ವೈಶಾಖದಲ್ಲಿ ಮದುವೆಯಾಯಿತು. ಹೊರಡುವಾಗ ಅಕ್ಕ ಅಪ್ಪನ ಮುಂದೆ ನಿಂತು ದನಿಯಿಲ್ಲದೆ ತುಟಿಯಲ್ಲೇ ಏನೋ ಹೇಳಿದಳು. ಅಪ್ಪನೂ ಹಾಗೆಯೇ ಏನೋ ಹೇಳಿದ. ಸುತ್ತ ನಿಂತ ನಮಗೆ ಯಾರಿಗೂ ತಿಳಿಯಲಿಲ್ಲ. ನನಗೆ ತುಟಿ ಓದಲು ಬರುವುದಿಲ್ಲ.

ರಾಟೆ ವಾಪಸು ತಂದು ಉಳಿದರ್ಧವನ್ನು ನಾನೇ ಸುತ್ತಿದೆ. ನನ್ನ ಸುತ್ತುಗಳು ಅವಳವುಗಳಂತೆ ಒತ್ತಾಗಿ ಕೂರಲಿಲ್ಲ. ಚೌಕಟ್ಟು ಮೇಲ್ಗಡೆ ಉಬ್ಬಿತು. ಮೇಣದಲ್ಲಿ ಅದ್ದುವ ಮುಂಚೆ ನೋಡಿದೆ, ಅದ್ದಿದ ಮೇಲೆಯೂ ನೋಡಿದೆ. ಜ್ಯೇಷ್ಠದಲ್ಲಿ ಮದುವೆಗಳು ಕಡಿಮೆಯಾದಾಗ ಪೆಟ್ಟಿಗೆಯನ್ನು ಮತ್ತೆ ತಂದು ಜೋಡಿಸಿ ದಪ್ಪ ತಂತಿಯನ್ನು ಒಮ್ಮೆ ಮೀಟಿದೆ. ಮನೆಯ ಮಾಡಿನ ತಗಡು ನಡುಗುವಂತೆ ದನಿ ಬಂತು. ಅಂಗಳದ ಕೋಳಿಗಳು ಹಾರಿದವು, ಚಿಗವ್ವ ಬೀಸುವುದನ್ನು ನಿಲ್ಲಿಸಿ ಬಾಗಿಲಿಗೆ ಬಂದಳು. ಕಟ್ಟೆಯ ಮೇಲೆ ನಮಗೆ ಬೆನ್ನು ಮಾಡಿ ಕುಳಿತಿದ್ದ ಅಪ್ಪ ತಿರುಗಲಿಲ್ಲ.

ಅವನು ಹೊರಗಿದ್ದಾನೆ, ಕೇಳುವ ಮನಸ್ಸಿಲ್ಲ, ಒಂದು ಪೆಟ್ಟು ಪದವಲ್ಲ ಎಂದೆಲ್ಲ ನನಗೆ ನಾನೇ ಹೇಳಿಕೊಂಡೆ. ಎರಡನೆಯ ಸಲ ಮೀಟಲಿಲ್ಲ. ಅಕ್ಕ ಪಂಚಮಿಗೆ ಬರುತ್ತಾಳೆ, ಅವಳೇ ಬಾರಿಸಲಿ ಎಂದು ಬಟ್ಟೆ ಮುಚ್ಚಿಟ್ಟೆ.

ಶ್ರಾವಣದಲ್ಲಿ ಅವಳನ್ನು ಕರೆತರಲು ಹುಕ್ಕೇರಿಗೆ ಹೋದೆ. ಬೀಗತಿ ಉಂಡಿ ಕಟ್ಟಿಕೊಟ್ಟು, "ಇಸ್ತ್ರಿ ಮಣಿ ಹೆಂಗೈತಿ?" ಎಂದು ನಗುತ್ತ ಕೇಳಿದರು. ಬಸ್ಸಿನಲ್ಲಿ ಅಕ್ಕ ಕಿಟಕಿಯ ಹೊರಗೆ ನೋಡುತ್ತ ಮೊಣಕಾಲಿನ ಮೇಲೆ ಬೆರಳು ಆಡಿಸುತ್ತಿದ್ದಳು. ಬೆರಳುಗಳಿಂದ ಬೆಲ್ಲದ, ಮೆಣಸಿನಕಾಯಿಯ ವಾಸನೆ ಬರುತ್ತಿತ್ತು.

"ದನಿ ಬಂತೇನ?"

"ಬಂತು."

"ಅಪ್ಪ ಏನಂದ?"

"ಹೊರಗ ಕುಂತಿದ್ದ" ಎಂದೆ. ಅವಳು ಬೆರಳು ಆಡಿಸುವುದನ್ನು ನಿಲ್ಲಿಸಲಿಲ್ಲ.

ಪಂಚಮಿಯ ಮಧ್ಯಾಹ್ನ ಓಣಿಯ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದರು. ಅಪ್ಪ ಚಾಪೆಯ ಮೇಲೆ ಬಂದು ಕುಳಿತ. ಈ ಸಲ ವಿಭೂತಿ ಹಚ್ಚಿಕೊಂಡಿರಲಿಲ್ಲ, ಮಗಳು ಬಂದಿದ್ದಾಳೆಂದು ಕುಳಿತಿದ್ದ ಅಷ್ಟೆ. ಪೆಟ್ಟಿಗೆಯನ್ನು ಅವನ ಬಲಕ್ಕೆ, ಕೈಚಾಚಿದರೆ ಸಿಗುವಷ್ಟು ಹತ್ತಿರ ಇಟ್ಟೆ. ಅಕ್ಕ ಅದೇ ಪದವನ್ನು ಮೀಟಿದಳು.

ಆ ದನಿಯನ್ನು ಹೇಗೆ ಬರೆಯಬೇಕೋ ನನಗೆ ತಿಳಿಯದು. ಮನುಷ್ಯರು ಹಾಡುವಾಗ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತಾರಲ್ಲ, ಆ ಉಕ್ಕಿನ ತುಂಡು ಹಾಗೆಯೇ ಜಾರಿತು. ಮಠದಲ್ಲಿ ಅಪ್ಪ ಎಲ್ಲಿ ಎಳೆಯುತ್ತಿದ್ದನೋ ಅಕ್ಕ ಅಲ್ಲೇ ಎಳೆದಳು. ಐದು ವರ್ಷ ಮರಕ್ಕೆ ಕಿವಿ ಹಚ್ಚಿ ಕಲಿತದ್ದು ಇದು ಎಂದು ನನಗೆ ಆಗ ಗೊತ್ತಾಯಿತು. ಜೋಕಾಲಿ ಆಡುತ್ತಿದ್ದ ಹೆಂಗಸರು ಇಳಿದು ಬಂದು ಬಾಗಿಲಲ್ಲಿ ನಿಂತರು. ಚಿಗವ್ವ ಸೆರಗಿನಿಂದ ಕಣ್ಣೊತ್ತಿಕೊಂಡು, "ಮಾವಾರ, ಕೇಳ್ರಿ, ನಿಮ್ಮ ಪದ, ನಿಮ್ಮ ಪದ" ಎಂದಳು.

ಅಪ್ಪ ಕಣ್ಣು ಅರೆಮುಚ್ಚಿ, ಅಕ್ಕನ ಕೈ ನೋಡುತ್ತ, ತಲೆದೂಗುತ್ತಿದ್ದ. ಯುಗಾದಿಯಂದು ದೂಗಿದ ಹಾಗೆಯೇ.

ಅಕ್ಕನೂ ಅದನ್ನೇ ನೋಡುತ್ತಿದ್ದಳು. ಎರಡನೆಯ ನುಡಿಗೆ ಬಂದಾಗ ಅವಳ ಕಿರುಬೆರಳು ಪೇರಲಹಣ್ಣಿಗೆ ಹೋಯಿತು. ಮೀಟುವುದನ್ನು ನಿಲ್ಲಿಸದೆ ಅದನ್ನು ಮೆಲ್ಲಗೆ ತಿರುಗಿಸಿದಳು. ಹಳದಿ ಹೋಗಿ ಹಸಿರು ಮೇಲೆ ಬಂತು. ದನಿ ಸಣ್ಣದಾಗುತ್ತ ಆಗುತ್ತ ನಿಂತು ಪೆಟ್ಟಿಗೆಯ ಗುಂಯ್ ಒಂದೇ ಉಳಿಯಿತು. ಅವಳ ಕೈ ಮಾತ್ರ ಆಡುತ್ತಿತ್ತು.

ಅಪ್ಪನ ತಲೆ ತೂಗುತ್ತಲೇ ಇತ್ತು.

ಅಕ್ಕ ಇಡೀ ಒಂದು ಸಾಲನ್ನು ಹಾಗೆ ಬಾರಿಸಿದಳು. ಅಪ್ಪ ಆ ಸಾಲಿಗೂ ತಲೆದೂಗಿದ. ಕೊನೆಯ ಎಳೆತದಲ್ಲಿ ಅವಳ ಎಡಗೈ ನಿಧಾನವಾದಾಗ ಅವನ ತಲೆಯೂ ನಿಧಾನವಾಯಿತು. ಆಮೇಲೆ ಅವಳು ಗುಂಡಿಯನ್ನು ತಿರುಗಿಸಿ ಹಳದಿಯನ್ನು ಪೂರ್ತಿ ಮೇಲೆ ತಂದಳು. ಮೂರನೆಯ ನುಡಿ ಮೊದಲಿಗಿಂತ ಜೋರಾಗಿ ಬಂತು. ಅವಳ ಕಣ್ಣಿಂದ ನೀರು ಗಲ್ಲಕ್ಕಿಳಿದು ತಂತಿಗಳ ಮೇಲೆ ಬೀಳುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ನನ್ನ ಕಡೆ ನೋಡಿ ಗದ್ದದಿಂದ ಅಪ್ಪನ ಕೈಯನ್ನೂ ಪೆಟ್ಟಿಗೆಯನ್ನೂ ತೋರಿಸಿದಳು.

ನಾನು ಅಪ್ಪನ ಬಲಗೈ ಹಿಡಿದು ಪೆಟ್ಟಿಗೆಯ ಮರದ ಮೇಲೆ ಇಟ್ಟೆ.

ಅವನು ಬೆಚ್ಚಿ ಕಣ್ಣು ತೆರೆದ. ಅಕ್ಕನ ಕೈಯನ್ನು ನೋಡುವುದು ಬಿಟ್ಟು ತನ್ನ ಕೈಯನ್ನು ನೋಡಿಕೊಂಡ. ಬೆರಳುಗಳನ್ನು ಅಗಲಿಸಿದ. ಮಗ್ಗದ ಚೌಕಟ್ಟಿನ ಮೇಲೆ ಅಂಗೈ ಇಟ್ಟು, ಒಳಗೆ ಏನಾದರೂ ತಪ್ಪುತ್ತಿದೆಯೇ ಎಂದು ನೋಡುವಾಗ ಅವನು ಹೀಗೆಯೇ ತಲೆ ಓರೆ ಮಾಡುತ್ತಿದ್ದ. ಅವನ ಮುಖದಲ್ಲಿ ಗುರುತಿನವರನ್ನು ಕಂಡ ಹಾಗೆ ನಗು ಬಂತು.

"ಮಗ್ಗ ನಡದಂಗ ಐತಲ್ಲ ತಮ್ಮಾ!" ಎಂದ, ಎಲ್ಲರಿಗೂ ಕೇಳುವಂತೆ.

ಚಿಗವ್ವ ಮುಖ ಮುಚ್ಚಿಕೊಂಡು ಅಂಗಳಕ್ಕೆ ಹೋದಳು. ಅಕ್ಕನ ಕೈ ಒಂದು ಕ್ಷಣ ತಡೆಯಿತು. ಪೆಟ್ಟಿಗೆಯ ನಡುಕವೂ ತಡೆಯಿತು. ಅಪ್ಪ ಗಾಬರಿಯಿಂದ ಅವಳ ಕಡೆ ತಿರುಗಿದ.

"ಯಾಕವ್ವಾ, ಎಳಿ ಕಡೀತೇನ?"

ಅಕ್ಕ ಇಲ್ಲವೆಂದು ತಲೆಯಾಡಿಸಿ ಮತ್ತೆ ಮೀಟಿದಳು. ಅಪ್ಪ ಅಂಗೈಯನ್ನು ಇನ್ನಷ್ಟು ಒತ್ತಿದ.

"ಹಾಂ, ನಡೀತು. ಛಲೋ ನಡದೈತಿ. ನಿಂದರಸಬ್ಯಾಡ" ಎಂದ. ಪದ ಮುಗಿದಾಗ ಅವಳು ನಿಲ್ಲಿಸದೆ ಮೊದಲ ನುಡಿಗೇ ಹೋದಳು, ಅದು ಮುಗಿದಾಗ ಮತ್ತೆ ಮೊದಲಿಗೆ. ಅಪ್ಪ ಕೈ ತೆಗೆಯುವವರೆಗೂ ಬಾರಿಸುತ್ತಲೇ ಇದ್ದಳು.